ಬರಿಗಾಜಿನ ಮನೆ

ಅದು ಮರಳಿನ ಕಾಳೇ ಇರಬಹುದು ಎಂದುಕೊಂಡೆ. ಮೀನಿನ ಬಾಲದ ಅಂಚಿಗೆ ಒಂದು ಮರಳಿನ ಕಾಳು ಅಂಟಿಕೊಳ್ಳುವುದೇನೂ ದೊಡ್ಡ ವಿಷಯವಲ್ಲ. ಅಥವಾ ನೀರಿನಲ್ಲಿ ಎದ್ದ ಸಣ್ಣ ಗುಳ್ಳೆ. ಅಥವಾ ಬೆಳಗಿನ ಬಿಸಿಲು ಗಾಜಿನ ಮೂಲೆಯಲ್ಲಿ ಒಡೆದು ನನ್ನ ಕಣ್ಣಿಗೆ ಹಾಗೆ ಕಂಡಿರಬಹುದು. ಆದರೆ ಗುಳ್ಳೆಯಾಗಿದ್ದರೆ ಮೀನು ಬಾಲ ಬೀಸಿದಾಗ ಕಳಚಿಕೊಳ್ಳಬೇಕಿತ್ತು, ಮರಳಾಗಿದ್ದರೆ ಉದುರಬೇಕಿತ್ತು. ಮೀನು ಕಲ್ಲಿನ ಹಿಂದೆ ಹೋಗಿ ಬಂತು, ಆ ಬಿಳಿ ಚುಕ್ಕಿಯೂ ಅದರ ಜೊತೆ ಹೋಗಿ ಬಂತು. ನೋಡಿದ್ದನ್ನು ಹೇಳಬೇಕೋ ಬೇಡವೋ, ಮೀನಿನ ಎದುರಿಗೇ ಹೇಳಬಹುದೋ ಅಥವಾ ಹಿತ್ತಲಿಗೆ ಕರೆದು ಹೇಳಬೇಕೋ ಎಂದು ಯೋಚಿಸುತ್ತ ನಿಂತಿದ್ದಾಗ ಒಳಗಿನಿಂದ ಅತ್ತಿಗೆ ಕೇಳಿದರು, "ರಾಯರ ಊಟ ಆಯ್ತಾ?"

"ಆಯ್ತು" ಎಂದೆ. ಹಾಕಿದ ಸೊಳ್ಳೆಮರಿಗಳನ್ನೆಲ್ಲ ಮೀನು ತಿಂದದ್ದು ನಿಜ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದನ್ನು ಒಳಗೇ ಇಟ್ಟುಕೊಳ್ಳುವುದು ಚಿಕ್ಕಂದಿನಿಂದ ನನಗೆ ಅಂಟಿದ ಗುಣ.

ರಾಯರು ಎಂದರೆ ನಮ್ಮ ಮನೆಯ ಮೀನು. ಹೆಬ್ಬೆರಳಿನಷ್ಟು ಉದ್ದ, ಕಡುನೀಲಿ ಮೈ, ಹಳದಿ ಬಾಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ಹಾಗೆ ಕರೆಯತೊಡಗಿದರು. "ಇದ್ದವರು ಹೋದ್ರು. ಮನೇಲಿ ಗಂಡಸು ಅಂತ ಒಬ್ಬರಾದ್ರೂ ಬೇಕಲ್ಲ, ನೀನಂತೂ ಲೆಕ್ಕಕ್ಕಿಲ್ಲ" ಎಂದು ನನ್ನನ್ನು ರೇಗಿಸುತ್ತಿದ್ದರು. ಅತ್ತಿಗೆಯ ಹೆಸರು ಚಂದ್ರಭಾಗಾ. ಅಣ್ಣ ಮಾಡುತ್ತಿದ್ದ ಕೆಲಸವನ್ನು ಅವರೇ ಮುಂದುವರಿಸಿದ್ದರು. ಗಾಜು ಕುಯ್ದು, ಅಂಚು ತೇಯ್ದು, ಅಂಟು ಹಾಕಿ ಜೋಡಿಸಿ ಊರಿಗೆಲ್ಲ ತೊಟ್ಟಿ ಮಾಡಿಕೊಡುವುದು ನಮ್ಮ ಹಿತ್ತಲ ಕೊಟ್ಟಿಗೆಯಲ್ಲೇ.

ನಮ್ಮ ಊರಿಗೂ ಸಮುದ್ರಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಊರ ನಡುವಿನ ಬಾವಿಯಲ್ಲಿ ಬರುವುದು ಉಪ್ಪುನೀರು. ವರ್ಷಕ್ಕೊಮ್ಮೆ ಅದರಲ್ಲಿ ಬಣ್ಣಬಣ್ಣದ ಮೀನುಗಳು ಮೇಲೆ ಬರುತ್ತವೆ, ಮೀನಿಲ್ಲದ ಮನೆಯವರು ಆ ದಿನ ಒಂದನ್ನು ಹಿಡಿದುಕೊಂಡು ಹೋಗುತ್ತಾರೆ. ಬೀದಿಗೆ ಕಾಣುವ ಕಿಟಕಿಯಲ್ಲಿ ಮನೆಗೊಂದೇ ಗಾಜಿನ ತೊಟ್ಟಿ, ತೊಟ್ಟಿಗೊಂದೇ ಮೀನು. ಮೀನು ಅದರಲ್ಲಿ ಈಜುತ್ತಿರುವಷ್ಟು ದಿನ ಆ ಮನೆಯವರ ಮಾತು ಮಾತು. ಗಾಜು ಬರಿದಾಯಿತೋ, ಮತ್ತೆ ಮೀನು ಬರುವ ತನಕ ಅವರು ಹೊಸ್ತಿಲ ಹೊರಗೆ ಬಾಯಿ ಬಿಡುವಂತಿಲ್ಲ. ಬಿಟ್ಟರೂ ಯಾರಿಗೂ ಕೇಳಿಸುವುದಿಲ್ಲ. ಹೀಗಾಗಿ ಎದುರಿಗೆ ಬಂದವರನ್ನು ಮಾತಾಡಿಸುವ ಮೊದಲು ಅವರ ಕಿಟಕಿಯ ಕಡೆ ಒಮ್ಮೆ ಕಣ್ಣು ಹಾಯಿಸುವುದು ನಮ್ಮಲ್ಲಿ ರೂಢಿ. ಬರಿಗಾಜಿನ ಮನೆಯವರು ಅಂಗಡಿಗೆ ಹೋದರೆ ಡಬ್ಬಿಯತ್ತ ಬೆರಳು ತೋರಿಸುತ್ತಾರೆ, ಅಂಗಡಿಯವನು ಬೇಳೆ ಕಟ್ಟಿ ಕಟ್ಟೆಯ ಮೇಲಿಟ್ಟು ಮುಖ ತಿರುಗಿಸುತ್ತಾನೆ. ಕ್ಷೌರದಂಗಡಿಯಲ್ಲಿ ಅವರಿಗೆಂದೇ ತಲೆಗಳ ಚಿತ್ರವಿರುವ ಒಂದು ಪಟ ತೂಗುಹಾಕಿದೆ. ಬಸುರಿಗೆ ನೋವು ಬಂದರೆ ಹಿತ್ತಲಲ್ಲಿ ಕೊಡ ಬಡಿಯುತ್ತಾರೆ, ಸೂಲಗಿತ್ತಿ ದಾರಿ ತಪ್ಪಿ ಬಂದವಳ ಹಾಗೆ ಬರುತ್ತಾಳೆ.

ದೂರದ ಬಂದರಿನ ಊರೊಂದರಲ್ಲಿ ಮೀನುಗಳ ಬಗ್ಗೆ ಓದಿ ಪದವಿ ಪಡೆದ ನಾನು ಅಲ್ಲೇ ಉಳಿಯಬಹುದಿತ್ತು. ಅಲ್ಲಿ ಎಲ್ಲರೂ ಎಲ್ಲದಕ್ಕೂ ಮಾತಾಡುತ್ತಿದ್ದರು. ಇಲ್ಲಿ ಬೀದಿಗೆ ಒಂದೆರಡಾದರೂ ಮೌನದ ಮನೆಗಳಿರುತ್ತಿದ್ದವು. ಅವುಗಳ ಮುಂದೆ ನಡೆದು ಹೋಗುವಾಗ ನನಗೆ ನೆರಳಿಗೆ ಬಂದಂತೆ ಆಗುತ್ತಿತ್ತು. ಒಳಗಿದ್ದವರಿಗೆ ಏನಾಗುತ್ತಿತ್ತು ಎಂದು ನಾನು ಯೋಚಿಸಿರಲಿಲ್ಲ.

ಆ ಚುಕ್ಕಿ ಕಂಡ ಹೊತ್ತಿಗೆ ಊರಿನಲ್ಲಿ ಹಲವು ಗಾಜುಗಳು ಬರಿದಾಗಿದ್ದವು. ಮೊದಲು ಬರಿದಾದದ್ದು ಪಕ್ಕದ ಮನೆಯ ಕೊಟ್ರಮ್ಮನದು. ಅತ್ತಿಗೆಯ ಗೆಳತಿ, ಊರಿಗೆಲ್ಲ ಆಗುವಷ್ಟು ಮಾತಿನವಳು. ಅವಳ ಮೀನು ಗಾಜಿಗೆ, ಕಲ್ಲಿಗೆ ಮೈ ತಿಕ್ಕತೊಡಗಿದಾಗ ಅವಳು ಕಂಡಕಂಡವರನ್ನು ಕರೆದು ತೋರಿಸಿದ್ದಳು. "ಗಾಜು ಕಚ್ತೈತೆ ನೋಡ್ರಿ ನನ್ನ ಮೀನಿಗೆ. ಹೆಂಗೆ ಉಜ್ಕೊಂತೈತೆ ನೋಡ್ರಿ. ಈ ಸಲದ ಅಂಟೇ ಸರಿಯಿಲ್ಲ." ಆಗ ಮೀನು ಇನ್ನೂ ಬದುಕಿತ್ತು, ಆದ್ದರಿಂದ ಅದು ಲೆಕ್ಕಕ್ಕೆ ಬಂದ ಮಾತು. ಆಮೇಲೆ ಮೀನು ಸತ್ತಿತು. ಕೊಟ್ರಮ್ಮನ ಬಾಯಿ ಮುಚ್ಚಿತು, ಅವಳ ಮಾತು ಬೀದಿಬೀದಿ ಓಡಾಡಿತು. ಆಮೇಲೆ ಯಾರ ಮನೆಯ ಮೀನು ಮೈ ತಿಕ್ಕಿದರೂ ಜನ ಮೊದಲು ನೋಡಿದ್ದು ನಮ್ಮ ಮನೆಯ ಕಡೆಗೆ. ಗೋಡೆಯಾಚೆ ಕೊಟ್ರಮ್ಮ ಪಾತ್ರೆಗಳನ್ನು ಹಿಂದೆಂದೂ ಇಲ್ಲದಷ್ಟು ಸದ್ದು ಮಾಡಿ ತೊಳೆಯುತ್ತಿದ್ದಳು.

ಮಾರನೆಯ ದಿನ ರಾಯರೂ ಕಲ್ಲಿಗೆ ಮೈ ತಿಕ್ಕಿದರು. ನಾನು ಕೊಟ್ಟಿಗೆಗೆ ಹೋಗಿ, "ಅತ್ತಿಗೆ, ಒಂದು ಮಾತು. ಮೀನಿನ ಮುಂದೆ ಬೇಡ" ಎಂದೆ. ಗಾಜಿನ ಅಂಚು ತೇಯುತ್ತಿದ್ದವರು ಕೈ ನಿಲ್ಲಿಸದೆ, "ಮೀನಿನ ಮುಂದೆ ಹೇಳೋಕಾಗದ ಮಾತಾ? ಮದುವೆಗಿದುವೆ ಮಾಡ್ಕೊಂಡು ಬಂದಿದೀಯೇನೋ ಅಲ್ಲಿ?" ಎಂದರು. ನಾನು ನಗಲಿಲ್ಲ. ಅವರು ತೇಯುವುದನ್ನು ನಿಲ್ಲಿಸಿದರು.

ಗೊತ್ತಿದ್ದದ್ದನ್ನು ಹೇಳಿದೆ. ಗಾಜಿನದಲ್ಲ, ಇದು ಹುಳದ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣದು, ಮೀನಿನ ಚರ್ಮದೊಳಗೆ ಹೊಕ್ಕು ಕೂತು ತಿನ್ನುತ್ತದೆ. ಆ ಜಾಗ ಉಬ್ಬಿ ಉಪ್ಪಿನ ಕಾಳಿನಂತೆ ಬೆಳ್ಳಗೆ ಕಾಣುತ್ತದೆ. ನವೆಗೆ ಮೀನು ಸಿಕ್ಕಿದ್ದಕ್ಕೆಲ್ಲ ಮೈ ತಿಕ್ಕುತ್ತದೆ. ಹೊಟ್ಟೆ ತುಂಬಿದ ಹುಳ ಉದುರಿ ಮರಳಿಗೆ ಬೀಳುತ್ತದೆ, ಅಲ್ಲಿ ಗೂಡು ಕಟ್ಟಿಕೊಂಡು ಒಂದು ನೂರಾಗುತ್ತದೆ, ಆ ನೂರೂ ಎದ್ದು ಮೀನನ್ನು ಹುಡುಕಿಕೊಂಡು ಬರುತ್ತವೆ. ಕಿವಿರಿಗೆ ಹತ್ತಿದರೆ ಮೀನಿಗೆ ಉಸಿರಾಡಲು ಆಗುವುದಿಲ್ಲ.

"ಹಂಗಾದ್ರೆ ಚುಕ್ಕಿ ಹೋದಾಗ ವಾಸಿಯಾಗಿರಲ್ಲ" ಎಂದರು ಅತ್ತಿಗೆ.

"ಇಲ್ಲ. ಆಗಲೇ ಹೆದರಬೇಕು."

"ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಹೆಂಗೆ ಹೋಯ್ತು ಮತ್ತೆ? ಹುಳಕ್ಕೇನು ಕಾಲೈತಾ?"

ಅವರು ನನ್ನ ಮುಖವನ್ನೇ ನೋಡುತ್ತ ನಿಂತು, ನಾನು ಹೇಳಲು ಹಿಂಜರಿದದ್ದನ್ನು ತಾವೇ ಹೇಳಿದರು. "ಕೂಡುನೀರು."

ಪ್ರತಿ ಹುಣ್ಣಿಮೆಗೆ ಎಲ್ಲ ಮನೆಯವರೂ ತಮ್ಮ ತೊಟ್ಟಿಯಿಂದ ಒಂದು ಚೊಂಬು ನೀರನ್ನು ಬಾವಿಕಟ್ಟೆಯ ಕಲ್ಲುಬಾನಿಗೆ ಸುರಿಯುತ್ತಾರೆ. ಬಾವಿಯ ಉಸ್ತುವಾರಿಯ ಗುರುಸಿದ್ದಪ್ಪನವರು ಉದ್ದ ಹಿಡಿಕೆಯ ಸೌಟಿನಿಂದ ಅದನ್ನು ಕದಡುತ್ತಾರೆ. ಪ್ರತಿಯೊಬ್ಬರೂ ಅದೇ ನೀರನ್ನು ಒಂದು ಚೊಂಬು ವಾಪಸು ಒಯ್ದು ತಮ್ಮ ತೊಟ್ಟಿಗೆ ಹಾಕುತ್ತಾರೆ. ಜಗಳವಾಡಿದವರೂ ಅಂದು ಒಂದೇ ನೀರಿನವರು. ಅದನ್ನು ಬೇಡ ಎಂದವರನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

"ಇದಕ್ಕೆ ಔಷಧಿ?"

"ಮೂರು ದಿನಕ್ಕೊಮ್ಮೆ ಮೀನನ್ನ ಬೇರೆ ಪಾತ್ರೆಗೆ, ಹೊಸ ನೀರಿಗೆ ಬಿಡಬೇಕು. ಉದುರಿದ ಹುಳ ಹಳೇ ಪಾತ್ರೇಲೇ ಉಳೀತವೆ. ಅವು ಮರಿ ಮಾಡೋ ಹೊತ್ತಿಗೆ ಮೀನು ಅಲ್ಲಿರಲ್ಲ. ಆ ಪಾತ್ರೆ ತೊಳೆದು ಬಿಸಿಲಿಗೆ ಒಣಗಿಸಬೇಕು. ಹೀಗೆ ನಾಲ್ಕೈದು ಸಲ. ಆಮೇಲೆ ತೊಟ್ಟಿ." ನಾನು ತಡೆದೆ. "ತೊಟ್ಟಿಯ ನೀರು ಚೆಲ್ಲಿ, ಮರಳು ಕಲ್ಲು ಎಲ್ಲ ತೆಗೆದು, ಅದನ್ನೂ ಒಣಗಿಸಬೇಕು."

"ಅಂದ್ರೆ ಗಾಜು ಬರಿದಾಗಬೇಕು."

"ಹೌದು."

ಅತ್ತಿಗೆ ತೇಯುತ್ತಿದ್ದ ಗಾಜನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು. ಆಮೇಲೆ ಮತ್ತೆ ತೇಯತೊಡಗಿದರು.

ಎರಡು ದಿನ ಕಳೆದು ಹುಣ್ಣಿಮೆ ಬಂತು. ಸಂಜೆ ಬಾವಿಕಟ್ಟೆಯಲ್ಲಿ ಜನ ಸೇರಿದ್ದರು. ಬರಿಗಾಜಿನ ಮನೆಯವರು ಎಂದಿನಂತೆ ಹಿಂದೆ, ಮರದ ಕೆಳಗೆ ನಿಂತಿದ್ದರು. ಗುರುಸಿದ್ದಪ್ಪನವರದು ತಣ್ಣನೆಯ ದನಿ, ಯಾರನ್ನೂ ಗದರಿಸಿದವರಲ್ಲ. "ಚಂದ್ರಭಾಗಾ, ನಿನ್ನ ಗಾಜಿನ ಮೇಲೆ ಊರಿನ ದೂರೈತಮ್ಮ. ಬರೋ ಹುಣ್ಣಿಮೆಗೆ ಉತ್ತರ ಹೇಳು. ಸರಿಯಾದ ಉತ್ತರ ಇಲ್ಲದಿದ್ರೆ ಕೊಟ್ಟಿಗೆ ಮುಚ್ಚಿ ಊರು ಬಿಡಬೇಕಾಗ್ತದೆ. ನಾನು ಹೇಳ್ತಿರೋದಲ್ಲ ಇದು, ಪದ್ಧತಿ" ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ, "ಮೀನುಗಳಿಗೆ ಊರಿನ ಬಲ ಬೇಕಾಗೈತೆ. ಅಲ್ಲೀತನಕ ವಾರಕ್ಕೊಂದು ಸಲ ನೀರು ಕೂಡಿಸೋಣ" ಎಂದರು. ಜನ ತಲೆಯಾಡಿಸಿದರು.

ನಮ್ಮ ಸರದಿ ಬಂದಾಗ ಅತ್ತಿಗೆ ಖಾಲಿ ಚೊಂಬನ್ನು ಬಾನಿಯ ಅಂಚಿನ ಮೇಲೆ ಬೋರಲು ಇಟ್ಟರು. "ನಾನು ಹಾಕಲ್ಲ. ನಾನು ಒಯ್ಯೋದೂ ಇಲ್ಲ."

"ಯಾಕಮ್ಮ?"

"ಈ ನೀರಲ್ಲಿ ಹುಳ ಐತೆ. ಮೀನು ಸಾಯ್ತಿರೋದು ಅದರಿಂದ, ಗಾಜಿಂದಲ್ಲ. ನನ್ನ ಮನೇದು ನಿಮಗೆ ಬೇಡ, ನಿಮ್ಮದು ನನಗೆ ಬೇಡ."

"ಮೈದುನ ಓದ್ಕೊಂಡು ಬಂದು ತಲೇಲಿ ಹುಳ ಬಿಟ್ಟಿದಾನೆ" ಎಂದ ಯಾರೋ. ಜನ ನಕ್ಕರು. ಗುರುಸಿದ್ದಪ್ಪನವರು ನಗಲಿಲ್ಲ. "ವಾಮನ, ನೀನು ಓದಿದೋನು. ನಿಜಾನಾ ಇದು?" ಎಂದು ಕೇಳಿದರು. "ನಿಜ" ಎಂದೆ. ಅದಕ್ಕಿಂತ ಉದ್ದವಾಗಿ ಹೇಳಿದ್ದರೆ ನಂಬುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವರು ಸೌಟು ಹಾಕಿ ನೀರು ಕದಡಿದರು. ನಮ್ಮ ಹಿಂದೆ ನಿಂತವರು ಅತ್ತಿಗೆಯ ಚೊಂಬನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ ತಮ್ಮ ನೀರು ಸುರಿದರು.

ಮನೆಗೆ ಬರುವಾಗ ಅತ್ತಿಗೆ, "ಮುಂದಿನ ಹುಣ್ಣಿಮೆಯೊಳಗೆ ರಾಯರು ವಾಸಿಯಾಗಿ ವಾಪಸ್ ಗಾಜಿಗೆ ಬರ್ತಾರಾ?" ಎಂದು ಕೇಳಿದರು.

"ಬರಬಹುದು. ಬರದೇನೂ ಇರಬಹುದು."

"ಅಷ್ಟು ವರ್ಷ ಓದಿದ್ದು ಇಷ್ಟೇನಾ, ಬರಬಹುದು ಬರದೇ ಇರಬಹುದು?"

"ಗಾಜಲ್ಲೇ ಬಿಟ್ರೆ ಸಾಯೋದು ಖಂಡಿತ. ಹುಣ್ಣಿಮೆ ತನಕ ತಳ್ಳಿದರೂ ತಳ್ಳಬಹುದು. ನಿಮಗೆ ಆ ದಿನ ಮಾತಾಡೋಕೆ ಅಷ್ಟು ಸಾಕಾಗಬಹುದು."

ಅತ್ತಿಗೆ ನಿಂತರು. "ಅಂದ್ರೆ ಅದು ಒಳಗೆ ಸಾಯ್ತಿರಬೇಕು, ನಾನು ಅದರ ಮುಂದೆ ನಿಂತು ನನ್ನ ಗಾಜು ಒಳ್ಳೇದು ಅನ್ನಬೇಕು." ಮತ್ತೆ ನಡೆಯತೊಡಗಿದರು.

ಬೆಳಿಗ್ಗೆ ಅವರು ಅಟ್ಟದ ಮೇಲಿದ್ದ ದೊಡ್ಡ ಜಾಡಿಗಳನ್ನು ಇಳಿಸಿದರು. ಮಾವಿನಕಾಯಿ, ನಿಂಬೆಕಾಯಿ, ನೆಲ್ಲಿಕಾಯಿ ಉಪ್ಪಿನಕಾಯಿಗಳು ಪಾತ್ರೆ ತಟ್ಟೆಗಳಿಗೆ ಹೋದವು. ಎಣ್ಣೆಯ ವಾಸನೆ ಪೂರ್ತಿ ಹೋಗುವ ತನಕ ಜಾಡಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಬಾವಿಯ ನೀರನ್ನು ಸೋಸಿ, ಕೈ ಇಡಲಾಗದಷ್ಟು ಬಿಸಿ ಮಾಡಿ, ಆರಿಸಿದೆವು. ಬಿಸಿ ಮಾಡಿದ ನೀರಿನಲ್ಲಿ ಗಾಳಿ ಇರುವುದಿಲ್ಲ ಎಂದೆ. ಅತ್ತಿಗೆ ಕಡಗೋಲು ತಂದು ಮಜ್ಜಿಗೆ ಕಡೆದಂತೆ ಅದನ್ನು ಕಡೆದರು. ಮಧ್ಯಾಹ್ನ ಅವರೇ ರಾಯರನ್ನು ಬಟ್ಟಲಲ್ಲಿ ಎತ್ತಿ ಜಾಡಿಗೆ ಬಿಟ್ಟರು. ಆಮೇಲೆ ಕಿಟಕಿಯ ತೊಟ್ಟಿಯ ನೀರನ್ನು ಬಕೆಟ್ಟಿಗೆ ತುಂಬಿ ಬಚ್ಚಲಿಗೆ ಚೆಲ್ಲಿದರು. ಎದುರು ಮನೆಯವರು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಬಕೆಟ್ಟು ತುಂಬುವ ಸದ್ದಿಗೆ ತಲೆಯೆತ್ತಿ ನೋಡಿದರು. ಗಾಜಿನ ತಳ ಕಂಡ ಮೇಲೆ ಅವರ ನೋಟ ನಮ್ಮ ಮೇಲಿಂದ ಜಾರಿ ಗೋಡೆಗೆ ಹೋಯಿತು.

ಆಮೇಲಿನ ದಿನಗಳಲ್ಲಿ ನಾನು ಇಷ್ಟಪಟ್ಟಿದ್ದ ಮೌನದ ಒಳಗೆ ಇದ್ದೆ. ಅದು ನೆರಳಿನ ಹಾಗಿರಲಿಲ್ಲ. ಅಂಗಡಿಯಲ್ಲಿ ಕಡಲೆಬೇಳೆಯ ಡಬ್ಬಿ ತೋರಿಸಿದರೆ ಪಕ್ಕದ ತೊಗರಿಬೇಳೆ ಕಟ್ಟಿಕೊಟ್ಟರು. ಅಲ್ಲ ಎಂದು ಹೇಳಲು ಬಾಯಿ ತೆರೆದು, ಅಂಗಡಿಯವನ ಮುಖ ಆಗಲೇ ಆಚೆ ತಿರುಗಿರುವುದನ್ನು ಕಂಡು, ತೊಗರಿಬೇಳೆಯನ್ನೇ ತಂದೆ. ಅತ್ತಿಗೆ ಮಾತ್ರ ಬೀದಿಯಲ್ಲಿ ಮೊದಲಿನ ಹಾಗೇ ಮಾತಾಡುತ್ತಿದ್ದರು. "ಏನ್ರೀ, ಮಗಳ ಜ್ವರ ಬಿಡ್ತಾ" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡವರು ಕತ್ತು ಬಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತ ಹೋಗುತ್ತಿದ್ದರು. "ಉತ್ತರ ಬರದೇ ಇದ್ರೆ ಏನಂತೆ, ಜ್ವರ ಬಿಟ್ಟಿರೋದು ಮುಖದಲ್ಲೇ ಕಾಣ್ತೈತೆ" ಎಂದು ನನಗೆ ಹೇಳುತ್ತಿದ್ದರು. ಹಿತ್ತಲ ಗೋಡೆಯ ಹತ್ತಿರ ನಿಂತು ಕೊಟ್ರಮ್ಮನಿಗೂ ಹೇಳುತ್ತಿದ್ದರು: ಇವತ್ತು ಎರಡನೇ ಜಾಡಿಗೆ ಬಿಟ್ಟೆ, ಇವತ್ತು ಮೂರನೇದಕ್ಕೆ. ಆಚೆ ಪಾತ್ರೆ ತೊಳೆಯುವ ಸದ್ದು ನಿಲ್ಲುತ್ತಿತ್ತು, ಅಷ್ಟೇ.

ರಾಯರ ಮೈಮೇಲೆ ಮೊದಲು ಚುಕ್ಕಿಗಳು ಹೆಚ್ಚಾದವು. ಅತ್ತಿಗೆ ನನ್ನನ್ನು ನೋಡಿದರು, ನಾನು ಜಾಡಿಯನ್ನು ನೋಡಿದೆ. ಆಮೇಲೆ ಕಡಿಮೆಯಾದವು. ನಾಲ್ಕನೆಯ ಜಾಡಿಯಲ್ಲಿ ಒಂದೂ ಉಳಿಯಲಿಲ್ಲ. ಐದನೆಯದರಲ್ಲಿ ರಾಯರು ಸೊಳ್ಳೆಮರಿಗಾಗಿ ನೀರಿನ ಮೇಲಕ್ಕೆ ಹಾರಿ ಅತ್ತಿಗೆಯ ಮುಖಕ್ಕೆ ನೀರು ಎರಚಿದರು. "ಇದ್ದಾಗ ಇಷ್ಟು ಹಾರಾಟ ಇರಲಿಲ್ಲ ನಿಮ್ಮಣ್ಣನದು" ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಊರಿನಲ್ಲಿ ಬೇರೆಯದೇ ನಡೆದಿತ್ತು. ವಾರವಾರದ ಕೂಡುನೀರಿನಿಂದ ಎಲ್ಲ ಗಾಜುಗಳಲ್ಲೂ ಮೀನುಗಳ ಮೇಲೆ ಉಪ್ಪು ಚೆಲ್ಲಿದಂತಾಗಿ, ಕೆಲವು ದಿನಕ್ಕೆ ಒಮ್ಮೆಗೇ ಮಾಯವಾಯಿತು. ಗುರುಸಿದ್ದಪ್ಪನವರ ಕಿಟಕಿಯಲ್ಲಿ ಅವರ ಕೇಸರಿ ಮೀನು ಥಳಥಳ ಹೊಳೆಯುತ್ತಿತ್ತು. "ನೋಡಿದ್ರಾ, ಊರಿನ ಬಲ" ಎಂದು ಅವರು ಹೋಗುಬರುವವರಿಗೆ ತೋರಿಸುವುದನ್ನು ನಾನು ಬೀದಿಯಾಚೆಯಿಂದ ಕೇಳಿಸಿಕೊಂಡೆ. ಆ ಹೊಳಪು ಎಷ್ಟು ದಿನದ್ದು ಎಂದು ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ನನ್ನ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ.

ವಾರ ಕಳೆಯುವ ಮೊದಲು ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು.

ಒಂದು ಮಧ್ಯಾಹ್ನ, ಊರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ನಮ್ಮ ಹಿತ್ತಲ ಬಾಗಿಲಲ್ಲಿ ಗುರುಸಿದ್ದಪ್ಪನವರು ನಿಂತಿದ್ದರು. ಕೈಯಲ್ಲಿ ಹಿತ್ತಾಳೆಯ ದೊಡ್ಡ ಚೊಂಬು. ಅದರೊಳಗೆ ಕೇಸರಿ ಮೀನು ಒಂದು ಮಗ್ಗುಲಿಗೆ ವಾಲಿ ಕಿವಿರು ಬಡಿಯುತ್ತಿತ್ತು. ಅವರು ಮಾತಾಡಲಿಲ್ಲ. ಮಾತಾಡುವಂತಿರಲಿಲ್ಲ: ಮೀನು ಚೊಂಬಿನಲ್ಲಿದೆ ಎಂದರೆ ಅವರ ಗಾಜೂ ಬರಿದು. ಚೊಂಬನ್ನು ನನ್ನತ್ತ ಚಾಚಿದರು. ನೀರು ಅಂಚಿನಿಂದ ತುಳುಕುತ್ತಿತ್ತು.

ನಾನು ಕೈ ಮುಂದೆ ಮಾಡಲಿಲ್ಲ. ಆ ಹೊತ್ತು ನನ್ನ ಮನಸ್ಸು ಬಹಳ ಸ್ಪಷ್ಟವಾಗಿತ್ತು. ಈ ಮೀನು ಸತ್ತರೆ ಹುಣ್ಣಿಮೆಯ ದಿನ ಈ ಮನುಷ್ಯ ತೀರ್ಪು ಹೇಳಲಾರ. ತೀರ್ಪಿಲ್ಲದಿದ್ದರೆ ಅತ್ತಿಗೆಯನ್ನು ಊರು ಬಿಡಿಸುವವರಿಲ್ಲ. ನಾನು ಏನೂ ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು, ಅದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

"ಯಾರದು?" ಎನ್ನುತ್ತ ಅತ್ತಿಗೆ ಬಂದರು. ಚೊಂಬಿನೊಳಗೆ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ನಾನು ಯೋಚಿಸಿದ್ದು ಅವರಿಗೆ ತಿಳಿಯಿತು ಎನಿಸುತ್ತದೆ, ಏಕೆಂದರೆ "ಮೀನು ಏನು ಮಾಡಿತ್ತೋ ನಿನಗೆ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಆಮೇಲೆ ಗುರುಸಿದ್ದಪ್ಪನವರಿಗೆ ಹೇಳಿದರು, "ಜಾಡಿ ಕೊಡ್ತೀನಿ, ನೀರೂ ಕೊಡ್ತೀನಿ, ಹೆಂಗೆ ಮಾಡಬೇಕು ಅಂತಾನೂ ಹೇಳಿಕೊಡ್ತೀನಿ. ಆದ್ರೆ ಹಿತ್ತಲಿಂದ ಅಲ್ಲ. ಸುತ್ತಿಕೊಂಡು ಮುಂಬಾಗಿಲಿಗೆ ಬರ್ರಿ."

ಅವರು ಕದಲಲಿಲ್ಲ.

"ಬೇಗ ಬರ್ರಿ. ನಿಮಗೆ ನಾಚಿಕೆ ಆಗೋದು ಆಮೇಲೆ ಆಗಲಿ, ಅದಕ್ಕೆ ಉಸಿರು ಸಾಲ್ತಿಲ್ಲ."

ನಾವು ಮುಂಬಾಗಿಲು ತೆರೆದು ನಿಂತೆವು. ಬರುವುದಿಲ್ಲ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ಅವರು ಕಾಣಿಸಿಕೊಂಡರು. ಬಿಳಿ ಪಂಚೆ, ಎದೆಗೆ ಅವಚಿಕೊಂಡ ಚೊಂಬು, ಬರಿಗಾಲು. ಒಂದೊಂದು ಹೆಜ್ಜೆಯನ್ನೂ ನೀರು ಅಲುಗದಂತೆ ಇಡುತ್ತಿದ್ದರು. ಕಟ್ಟೆಗಳ ಮೇಲೆ ಒರಗಿದ್ದವರು ಎದ್ದು ಕೂತರು. ಕಿಟಕಿಗಳಲ್ಲಿ ಮುಖಗಳು ಬಂದವು. ಬೀದಿಯ ಉದ್ದಕ್ಕೂ ನಡೆದು ಬಂದು ಅವರು ನಮ್ಮ ಹೊಸ್ತಿಲು ದಾಟಿದರು. ಅತ್ತಿಗೆ ಎರಡೂ ಕೈಯಿಂದ ಚೊಂಬು ತೆಗೆದುಕೊಂಡರು.

ಮಾರನೆಯ ದಿನ ಬೆಳಗಾಗುತ್ತಲೇ ಮುಂಬಾಗಿಲಲ್ಲಿ ಜನ. ಚೊಂಬು, ತಪ್ಪಲೆ, ಒಬ್ಬರ ಕೈಯಲ್ಲಿ ಇಡ್ಲಿ ಪಾತ್ರೆ. ನಮ್ಮ ಜಾಡಿಗಳು ಸಾಲಲಿಲ್ಲ. ಅವರವರ ಅಟ್ಟದಿಂದ ಅವರವರ ಜಾಡಿ ಇಳಿದವು. ಮಾತಿಲ್ಲದೆ ಎಲ್ಲವನ್ನೂ ಕೈಯಲ್ಲೇ ತೋರಿಸುತ್ತಾರೆ ಎಂದು ಜನ ಅಂದುಕೊಂಡಿದ್ದರು, ಅತ್ತಿಗೆ ಬಾಯಿಬಿಟ್ಟೇ ಹೇಳಿದರು. "ಸೋಪು ಹಾಕಬೇಡ್ರಿ. ಒಬ್ಬರ ಪಾತ್ರೆ ಇನ್ನೊಬ್ಬರು ಮುಟ್ಟಬೇಡ್ರಿ. ಮೂರು ದಿನ ಅಂದ್ರೆ ಮೂರೇ ದಿನ, ನಾಳೆ ಮಾಡಿದ್ರಾಯ್ತು ಅನ್ನಬೇಡ್ರಿ." ಆ ತಿಂಗಳು ಊರೆಲ್ಲ ಹೊತ್ತುಹೊತ್ತಿಗೂ ಉಪ್ಪಿನಕಾಯಿ ತಿಂದಿತು, ಜಾಡಿಗಳಿಂದ ಹೊರಬಿದ್ದದ್ದು ಕೆಡುವ ಮೊದಲು ಮುಗಿಯಬೇಕಿತ್ತಲ್ಲ. ಕೆಲವು ಮೀನುಗಳು ಜಾಡಿಯಲ್ಲೂ ಸತ್ತವು. ಹೆಚ್ಚಿನವು ಉಳಿದವು. ಕಿಟಕಿಕಿಟಕಿಯಲ್ಲೂ ಒಣಗಿದ ಗಾಜು ಕೂತಿತ್ತು. ನೀರಿಲ್ಲದ ಗಾಜಿನಲ್ಲಿ ಎದುರು ಮನೆಯ ಖಾಲಿ ಗಾಜು ಕಾಣುತ್ತಿತ್ತು.

ಹುಣ್ಣಿಮೆಯ ಹೊತ್ತಿಗೆ ಮಾತಿನ ಹಕ್ಕಿದ್ದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ಆಗಬಹುದಾಗಿದ್ದದ್ದು ಒಂದೇ, ನಮ್ಮದು. ರಾಯರು ವಾಸಿಯಾಗಿದ್ದರು. ನಮ್ಮ ತೊಟ್ಟಿ ಎಲ್ಲರಿಗಿಂತ ಮೊದಲು ಒಣಗಿತ್ತು. ಅಂದು ಬೆಳಿಗ್ಗೆ ನಾನು ಅದಕ್ಕೆ ಹೊಸ ನೀರು ತುಂಬಿ, ಕಡೆದು, ಅತ್ತಿಗೆಯನ್ನು ಕರೆದೆ. "ಬಿಡಿ ರಾಯರನ್ನ. ಇವತ್ತು ಊರಲ್ಲಿ ನಿಮ್ಮದೊಂದೇ ಮಾತು. ಎದುರು ಹೇಳೋರು ಯಾರೂ ಇಲ್ಲ."

ಅತ್ತಿಗೆ ಜಾಡಿಯ ಹತ್ತಿರ ಬಂದರು. ಆಮೇಲೆ ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಗೆ ಸರಿಸಿದರು.

"ಯಾಕೆ?"

"ಎಲ್ಲರ ಗಾಜು ಬರಿದಾಗಿರುವಾಗ ನನ್ನೊಬ್ಬಳ ಮೀನು ಈಜಾಡ್ತಿದ್ರೆ, ಅಲ್ಲಿ ಮಾತಾಡೋದು ನಾನಲ್ಲ, ಮೀನು. ಅದಕ್ಕೆ ಬೇರೆ ಕೆಲಸ ಐತೆ."

"ಕೇಳಿಸಿಕೊಳ್ಳಲ್ಲ ಅವರು."

"ಕೇಳಿಸ್ಕೊಳ್ಳದೇ ಎಲ್ಲಿ ಹೋಗ್ತಾರೆ? ಕಿವಿ ಅಲ್ಲೇ ಇರ್ತಾವಲ್ಲ."

ಸಂಜೆ ಅಭ್ಯಾಸಬಲದಿಂದ ಎಲ್ಲರೂ ಬಾವಿಕಟ್ಟೆಗೆ ಬಂದರು, ಕೈಯಲ್ಲಿ ಖಾಲಿ ಚೊಂಬು. ಮರದ ಕೆಳಗೆ ನಿಲ್ಲುವುದು ಬರಿಗಾಜಿನವರ ಜಾಗ. ಅಂದು ಎಲ್ಲರೂ ಅಲ್ಲಿಗೇ ಹೋಗಿ, ಜಾಗ ಸಾಲದೆ, ಕಟ್ಟೆಯ ತನಕ ಹರಡಿಕೊಂಡರು. ಗುರುಸಿದ್ದಪ್ಪನವರು ಕಟ್ಟೆಯ ಮೇಲೆ ನಿಂತಿದ್ದರು. ಬರುವಾಗ ಎಲ್ಲರೂ ಅವರ ಕಿಟಕಿಯನ್ನು ನೋಡಿಕೊಂಡೇ ಬಂದಿದ್ದರು. ತೀರ್ಪು ಹೇಳುವಷ್ಟು ಹೊತ್ತು, ಒಂದೇ ಗಳಿಗೆಗೆ, ಇನ್ನೂ ವಾಸಿಯಾಗದ ಆ ಕೇಸರಿ ಮೀನನ್ನು ಗಾಜಿಗೆ ಬಿಟ್ಟು ಬರಬಹುದಿತ್ತು ಅವರು. ಬಿಟ್ಟಿರಲಿಲ್ಲ. ಅದನ್ನು ನಾನು ಅವರ ಲೆಕ್ಕದಲ್ಲಿ ಇವತ್ತಿಗೂ ಇಟ್ಟಿದ್ದೇನೆ. ಅವರು ಬಾಯಿ ತೆರೆದರು, ಸೌಟಿನ ಹಿಡಿಕೆಯನ್ನು ಒಮ್ಮೆ ಸವರಿದರು, ಬಾಯಿ ಮುಚ್ಚಿದರು.

ಅತ್ತಿಗೆ ಕಲ್ಲುಬಾನಿಯ ಹತ್ತಿರ ಹೋದರು. "ಕೇಳಿಸಲ್ಲ ಅನ್ನೋ ಹಂಗೆ ಮುಖ ಮಾಡಬೇಡ್ರಿ, ನಿಮ್ಮ ಕಿಟಕಿನೂ ನೋಡ್ಕೊಂಡೇ ಬಂದೀನಿ. ಪದ್ಧತಿ ಪ್ರಕಾರ ನಾನು ಇವತ್ತು ಉತ್ತರ ಹೇಳಬೇಕು, ಹೇಳ್ತೀನಿ. ನನ್ನ ಗಾಜು ಕಚ್ಚಲ್ಲ. ಮೀನು ತಿಂದಿದ್ದು ಹುಳ. ಹುಳ ಮನೆಮನೆಗೆ ಹೋಗಿದ್ದು ಈ ಬಾನಿಯಿಂದ, ನಾವೇ ಚೊಂಬಲ್ಲಿ ಒಯ್ದ್ವಿ. ನಾನು ಕೊಟ್ಟಿಗೆ ಮುಚ್ಚಲ್ಲ. ಊರೂ ಬಿಡಲ್ಲ. ಬಿಡು ಅನ್ನೋರು ಯಾರಾದ್ರೂ ಇದ್ರೆ ಬಾಯಿ ಬಿಟ್ಟು ಅನ್ರಿ, ನನಗೆ ಕೇಳಿಸ್ತೈತೆ." ಇಷ್ಟು ಹೇಳಿ ಬಗ್ಗಿ, ಬಾನಿಯ ತಳದ ತೂತಿಗೆ ತುರುಕಿದ್ದ ಬಟ್ಟೆಯ ಉಂಡೆಯನ್ನು ಎಳೆದು ಹಾಕಿದರು. ಹಳೆಯ ಕೂಡುನೀರು ಕಟ್ಟೆಯ ಕಲ್ಲುಗಳ ಮೇಲೆ ಹರಿದು ಜನರ ಕಾಲಡಿಗೆ ಬಂತು. ಜನ ಹಿಂದೆ ಸರಿದರು.

ನೀರು ಇಳಿಯುವ ಸದ್ದು ಮುಗಿಯಿತು. ಅತ್ತಿಗೆ ಹೇಳಿದ್ದು ನಿಜ ಎಂದು ಹೇಳಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಮರದ ಕೆಳಗಿನಿಂದ, ಬಹಳ ದಿನ ಬಳಸದೆ ಒಡಕಾಗಿದ್ದ ದನಿಯೊಂದು ಬಂತು.

"ಚಂದ್ರೀ." ಕೊಟ್ರಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಗಾಜು ಕಚ್ತೈತೆ ಅಂತ ಮೊದಲು ಅಂದೋಳು ನಾನೇ. ತಪ್ಪು ಅಂದೆ. ಆ ಮಾತು ವಾಪಸ್ ತಗೊಂತೀನಿ."

"ಬರಿಗಾಜಿನೋಳ ಮಾತು ಲೆಕ್ಕಕ್ಕಿಲ್ಲ" ಎಂದ ಅಂಗಡಿಯವನು, ಅಭ್ಯಾಸದಿಂದ.

"ನಿಂದು ಐತಾ ಲೆಕ್ಕಕ್ಕೆ? ನಿನ್ನ ಮೀನು ಎಲ್ಲೈತಪ್ಪ ಈಗ, ಉಪ್ಪಿನಕಾಯಿ ಜಾಡ್ಯಾಗೆ."

ಮೊದಲು ಯಾರೋ ಒಬ್ಬರು ನಕ್ಕರು. ಅಂಗಡಿಯವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಾನೂ ನಕ್ಕ. ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಯಾರ ಮೀನು ಎಷ್ಟನೇ ಜಾಡಿಯಲ್ಲಿದೆ, ಯಾರದು ತಿನ್ನುತ್ತಿಲ್ಲ, ಯಾರ ಸೊಸೆ ಸೋಪು ಹಾಕಿ ತೊಳೆದಳು. ಕೊಟ್ರಮ್ಮ ಅತ್ತಿಗೆಯ ತೋಳು ಹಿಡಿದುಕೊಂಡು ತಿಂಗಳುಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಹೇಳುತ್ತಿದ್ದಳು. ಅತ್ತಿಗೆ ಮಧ್ಯೆ ಬಾಯಿ ಹಾಕಲಾಗದೆ ನಗುತ್ತಿದ್ದರು. ನಾನು ಅಂಗಡಿಯವನ ಹತ್ತಿರ ಹೋಗಿ, "ಅವತ್ತು ನಾನು ಕೇಳಿದ್ದು ಕಡಲೆಬೇಳೆ" ಎಂದೆ. "ಗೊತ್ತಿತ್ತು ಬಿಡು" ಎಂದ ಅವನು. ಗದ್ದಲದ ನಡುವೆ ಗುರುಸಿದ್ದಪ್ಪನವರು ಸೌಟನ್ನು ಕಟ್ಟೆಗೆ ಒರಗಿಸಿ ಕೆಳಗಿಳಿದು ಮನೆಗೆ ನಡೆದರು. ಮೂರನೆಯ ದಿನದ ನೀರು ಬದಲಾಯಿಸುವ ಹೊತ್ತಾಗಿತ್ತು ಅವರಿಗೆ.

ಕಲ್ಲುಬಾನಿ ಆಮೇಲೆ ತುಂಬಲಿಲ್ಲ. ಈಗ ಅದರಲ್ಲಿ ಮಕ್ಕಳು ಕೂತು ಆಡುತ್ತಾರೆ. ಮೀನುಗಳು ಒಂದೊಂದಾಗಿ ಗಾಜಿಗೆ ಮರಳಿದವು. ಎದುರಾದವರ ಕಿಟಕಿಯ ಕಡೆ ಕಣ್ಣು ಹಾಯಿಸುವ ರೂಢಿ ಜನರಿಗೆ ಇನ್ನೂ ಇದೆ, ಆದರೆ ಗಾಜು ಬರಿದಿದ್ದರೂ ಮಾತಾಡಿಸುತ್ತಾರೆ, ಸ್ವಲ್ಪ ತಡೆದು. ಅತ್ತಿಗೆ ರಾಯರನ್ನು ಗಾಜಿಗೆ ಬಿಡಲೇ ಇಲ್ಲ. ಅವರು ಅಡುಗೆಮನೆಯ ಜಾಡಿಯಲ್ಲೇ ಇದ್ದಾರೆ, ಒಗ್ಗರಣೆಯ ಸದ್ದಿಗೆ ಮೇಲೆ ಬರುತ್ತಾರೆ. ನಮ್ಮ ಕಿಟಕಿಯಲ್ಲಿ ಖಾಲಿ ಗಾಜು ಒರೆಸಿ ಇಟ್ಟಿದೆ, ಬೀದಿಗೆ ಮುಖ ಮಾಡಿ. ಹಾಗೇ ಇರಲಿ ಎಂದಿದ್ದಾರೆ ಅತ್ತಿಗೆ.

ಗುರುಸಿದ್ದಪ್ಪನವರ ಕೇಸರಿ ಮೀನು ಬದುಕಿತು. ಅದಕ್ಕೆ ಹೊಸ ತೊಟ್ಟಿ ಬೇಕೆಂದು ಅವರು ನಮ್ಮಲ್ಲಿಗೇ ಬಂದರು, ಮುಂಬಾಗಿಲಿಂದ. ಅಳತೆ ಹೇಳಿದರು, ತೊಟ್ಟಿ ಮುಗಿದ ಮೇಲೆ ಬಂದು ಅಂಚುಗಳನ್ನು ಬೆರಳಿನಿಂದ ಸವರಿ, "ಚೆನ್ನಾಗಿ ತೇಯ್ದಿದೀಯಮ್ಮ" ಎಂದರು. ಅತ್ತಿಗೆ ಕಾದು ನಿಂತಿದ್ದರು. ಗುರುಸಿದ್ದಪ್ಪನವರು ಬಿಸಿಲಿನ ಬಗ್ಗೆ ಮಾತಾಡಿದರು, ಮಗನ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು, ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಅದಾದ ಮೇಲೂ ಅವರು ಬಹಳ ವರ್ಷ ಬದುಕಿದರು, ಊರಿನ ಎಲ್ಲ ವಿಷಯಕ್ಕೂ ಮಾತಾಡಿದರು. ಗಾಜಿನದು ತಪ್ಪಿರಲಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.